ಇಲ್ಲದ ಸಿನಿಮಾದ ಹಾಡು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಚೀಟಿಗಳನ್ನು ಬರೆದವನು ನಾನೇ. ಒಂದಲ್ಲ, ಮೂರು. ಒಂದನ್ನು ಬಲಗೈಯಲ್ಲಿ ಬರೆದೆ, ಒಂದನ್ನು ಎಡಗೈಯಲ್ಲಿ, ಇನ್ನೊಂದನ್ನು ಹೈಸ್ಕೂಲು ಹುಡುಗಿಯರು ಬರೆಯುವ ಹಾಗೆ ಗುಂಡಗುಂಡಗೆ. ಜನರ ದನಿ ಅನುಕರಿಸಿ ಹೊಟ್ಟೆ ಹೊರೆಯುವವನಿಗೆ ಕೈಬರಹ ಅನುಕರಿಸುವುದೇನು ಮಹಾ? ಮೂರರಲ್ಲೂ ಇದ್ದದ್ದು ಒಂದೇ ಕೋರಿಕೆ: ಮುಂದೆ ಬರಲಿರುವ ಹೊಸ ಪಿಕ್ಚರಿನ ಬಸ್ಸಿನ ಹಾಡು ಹಾಡಿ. ಅಂಥ ಪಿಕ್ಚರ್ ಯಾವುದೂ ಬರಲಿಕ್ಕಿರಲಿಲ್ಲ. ಹಾಡು ಮಾತ್ರ ಇತ್ತು. ಅದನ್ನು ಬರೆದು ರಾಗ ಕೂಡಿಸಿದವನು ನಾನು.

ಯಾಕೆ ಹೀಗೆ ಮಾಡಿದೆ ಅಂದರೆ ನಮ್ಮ ಕಡೆ ಆರ್ಕೆಸ್ಟ್ರಾ ನಡೆಯುವ ರೀತಿ ಹೇಳಬೇಕು. ಕಡೂರಲ್ಲಾಗಲಿ ತರೀಕೆರೆಯಲ್ಲಾಗಲಿ, ಆರತಕ್ಷತೆಗೆ ಆರ್ಕೆಸ್ಟ್ರಾ ಕರೆಸಿದರೆ ಕೂತವರು ತಮಗೆ ಬೇಕಾದ ಹಾಡನ್ನು ಚೀಟಿಯಲ್ಲಿ ಬರೆದು ಸ್ಟೇಜಿಗೆ ಕಳಿಸುತ್ತಾರೆ. ಚೀಟಿಗಳೆಲ್ಲ ಹೋಗಿ ಸೇರುವುದು ನಮ್ಮ ತಂಡದ ಯಜಮಾನರ ಕೀಬೋರ್ಡಿನ ಮೇಲೆ, ನೀರಿನ ಲೋಟದ ಅಡಿಗೆ. ಅವರದ್ದು ಒಂದೇ ಕಾನೂನು. "ಚೀಟಿ ಬಂದ್ರೆ ಹಾಡು, ಬರ್ಲಿಲ್ಲ ಅಂದ್ರೆ ಬಾಯ್ ಮುಚ್ಕೊಂಡಿರು."

ಅವರ ತಂಡದಲ್ಲಿ ನಾನು ನಾಲ್ಕು ವರ್ಷದಿಂದ ಮಿಮಿಕ್ರಿ ಮಾಡುತ್ತಿದ್ದೆ. ಗಾಯಕರು ನೀರು ಕುಡಿದು ಬೆವರು ಒರೆಸಿಕೊಳ್ಳುವಷ್ಟು ಹೊತ್ತು ಜನ ಎದ್ದುಹೋಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಅಜ್ಜಂಪುರದ ಬಸ್ಸಿನ ಕಂಡಕ್ಟರು, ಬೀರೂರು ಸ್ಟೇಷನ್ನಿನ ಮೈಕು, ತಾಲ್ಲೂಕು ಕಚೇರಿಯಲ್ಲಿ "ನಾಳೆ ಬನ್ನಿ" ಅನ್ನುವವರು, ಎಲ್ಲರನ್ನೂ ಮಾಡುತ್ತಿದ್ದೆ. ಊಟದ ಪಂಕ್ತಿಯಲ್ಲಿ ಹತ್ತು ನಿಮಿಷ ಎದುರು ಸಿಕ್ಕರೆ ಗಂಡಿನ ಅಪ್ಪನನ್ನೂ ಮಾಡಿಬಿಡುತ್ತಿದ್ದೆ. ಈ ಗಡಿಬಿಡಿಯ ನಡುವೆಯೇ ಹನ್ನೊಂದು ಹಾಡು ಬರೆದಿದ್ದೆ. ಅವುಗಳಲ್ಲಿ ಒಂದನ್ನಾದರೂ ನನ್ನ ಹೆಸರಿನಲ್ಲಿ ಸ್ಟೇಜಿನ ಮೇಲೆ ಹಾಡಬೇಕು ಅನ್ನುವುದು ಬಿಟ್ಟರೆ ಬೇರೆ ಆಸೆ ಇರಲಿಲ್ಲ.

"ಅಣ್ಣ, ನಂದೊಂದು ಹಾಡಿದೆ" ಅಂತ ಯಜಮಾನರನ್ನು ಕೇಳಿದ್ದೆ.

"ಯಾವ್ ಪಿಕ್ಚರ್ದು?"

"ಪಿಕ್ಚರ್ದಲ್ಲ ಅಣ್ಣ, ನಂದೇ."

"ನಿಂದೇ ಆದ್ರೆ ನಿಮ್ಮನೇಲ್ ಹಾಡ್ಕೊ. ಇದು ಮದ್ವೆ ಮನೆ ಕಣೋ. ಗೊತ್ತಿಲ್ದಿರೋ ಹಾಡಿಗೆ ಯಾರ್ ಕುಣೀತಾರೆ?"

ಗೊತ್ತಿಲ್ಲದ ಹಾಡಿಗೆ ಚೀಟಿ ಬರುವುದಿಲ್ಲ, ಚೀಟಿ ಬರದ ಹಾಡು ಯಾರಿಗೂ ಗೊತ್ತಾಗುವುದಿಲ್ಲ. ಈ ಗಾಣದಲ್ಲಿ ನಾಲ್ಕು ವರ್ಷ ಸುತ್ತಿ ಸುತ್ತಿ ತಲೆ ಕೆಟ್ಟುಹೋಗಿತ್ತು. ಆದ್ದರಿಂದಲೇ ತರೀಕೆರೆಯ ಒಂದು ಆರತಕ್ಷತೆಯಲ್ಲಿ ಆ ಮೂರು ಚೀಟಿ ಬರೆದು, ಬೇರೆಯವರ ಚೀಟಿಗಳ ಜೊತೆ ಸೇರಿಸಿ ಲೋಟದ ಅಡಿಗೆ ತಳ್ಳಿದೆ.

ಯಜಮಾನರು ಒಂದೊಂದಾಗಿ ಓದಿ ಹುಬ್ಬು ಗಂಟಿಕ್ಕಿದರು. "ಯಾವ್ದೋ ಇದು? ನಂಗೇ ಗೊತ್ತಿಲ್ವಲ್ಲ."

"ಮೊಬೈಲಲ್ಲಿ ಬಂದಿದೆ ಅಣ್ಣ. ನಂಗ್ ಬರುತ್ತೆ, ಹಾಡ್ಲಾ?"

ಒಂದೇ ಹಾಡಿಗೆ ಮೂರು ಚೀಟಿ ಬಂದರೆ ಅವರಾದರೂ ಏನು ಮಾಡಿಯಾರು. ಹಾಡು ಅಂದರು. ಇಲ್ಲಿಗೇ ನಿಲ್ಲಿಸಿದ್ದರೆ ಅರ್ಧ ಮೂರ್ಖ ಅನ್ನಬಹುದಿತ್ತು. ಪಿಕ್ಚರ್ ಹಾಡು ಅಂದಮೇಲೆ ಪಿಕ್ಚರ್ ಹಾಡಿನ ಹಾಗೇ ಇರಲಿ ಅಂತ, ಹೆಸರಾಂತ ಗಾಯಕರೊಬ್ಬರ ದನಿಯನ್ನು ಗಂಟಲಿಗೆ ತಂದುಕೊಂಡು ಶುರುಮಾಡಿದೆ.

ಬಸ್ಸು ಬಂತು, ಬಸ್ಸು ಹೋಯ್ತು, ನಾನು ಹತ್ತಲಿಲ್ಲ,
ನೀನಿಲ್ಲದೆ ಸಿಕ್ಕ ಸೀಟು ನನಗೆ ಬೇಕಿಲ್ಲ.

ಎರಡನೇ ಸಲ ಪಲ್ಲವಿಗೆ ಬರುವಷ್ಟರಲ್ಲಿ ಹೆಣ್ಣಿನ ಕಡೆಯವರು ಎದ್ದು ಕುಣಿಯತೊಡಗಿದರು. ಯಾರೋ ವಿಡಿಯೋ ಮಾಡಿಕೊಂಡರು. ಮಾರನೆಯ ದಿನ ಅರ್ಧ ತಾಲ್ಲೂಕಿನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ನನ್ನ ಬಸ್ಸು ಬಂದು ಹೋಗುತ್ತಿತ್ತು. ಅದರ ಕೆಳಗೆ ಬಿದ್ದಿದ್ದ ಪ್ರಶ್ನೆ ಒಂದೇ, ಪಿಕ್ಚರ್ ಯಾವಾಗ ರಿಲೀಸು?

ಒಂದು ವಾರ ಖುಷಿಯಲ್ಲೇ ತಿರುಗಿದೆ. ಆಮೇಲೆ ಉರಿಯತೊಡಗಿತು. ಕಡೂರಿನಲ್ಲಿ ಹಗಲು ಹೊತ್ತು ನಾನು ಕೆಲಸ ಮಾಡುವ ಫ್ಲೆಕ್ಸ್ ಅಂಗಡಿಗೆ ಬಂದ ಗಿರಾಕಿಯೊಬ್ಬ ಅದೇ ಹಾಡನ್ನು ಗುನುಗುತ್ತ ನಿಂತಿದ್ದ. "ಅದು ನಾನ್ ಬರ್ದಿದ್ದು" ಅಂದೆ. ಅವನು ನಕ್ಕು, "ಇದನ್ನ ಯಾರ್ ವಾಯ್ಸಲ್ಲಿ ಹೇಳ್ತಿದೀಯ?" ಅಂತ ಕೇಳಿದ. ಮನೆಗೆ ಹೋಗಿ ಅಮ್ಮನಿಗೆ ಹೇಳಿದರೆ ಅವಳು ಹೆದರಿಬಿಟ್ಟಳು. "ಪಿಕ್ಚರ್ನೋರ ಹಾಡ್ನ ನಂದು ಅಂತ ಹೇಳ್ಕಂಡ್ ತಿರುಗ್ಬೇಡ ಕಣೋ. ಕೇಸ್ ಗೀಸ್ ಹಾಕ್ಬಿಟ್ಟಾರು." ಯಜಮಾನರಿಗೆ ನಿಜ ಹೇಳಲು ಹೋದೆ. ಅವರು ಕೀಬೋರ್ಡಿನ ವೈರು ಸುತ್ತುತ್ತಲೇ, "ನಿಂದು ಅಂತ ಗೊತ್ತಾದ್ರೆ ಚೀಟಿ ನಿಲ್ತಾವೆ, ಸುಮ್ನಿರು" ಅಂದರು. ನಂಬಿದರೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಇದಾದ ಕೆಲವು ತಿಂಗಳಿಗೆ ಕಡೂರಿನ ಕಲ್ಯಾಣ ಮಂಟಪವೊಂದಕ್ಕೆ ಉಣ್ಣಲು ಹೋಗಿದ್ದೆ. ಅಲ್ಲಿ ಹಾಡುತ್ತಿದ್ದದ್ದು ಬೇರೆ ತಂಡ. ಆ ತಂಡದ ಗಾಯಕಿ ನನಗಿಂತ ಹತ್ತು ವರ್ಷ ದೊಡ್ಡವರು, ಬ್ಲೌಸ್ ಹೊಲಿಯುವುದು ಅವರ ಕಸುಬು. ಅವರು ಮೈಕ್ ಹಿಡಿದು, "ಈಗ ಎಲ್ರೂ ಕೇಳ್ತಿರೋ ಹೊಸ ಪಿಕ್ಚರಿನ ಹಾಡು" ಅಂದರು. ನನ್ನ ಎಲೆಯ ಮೇಲೆ ಹೋಳಿಗೆ ಬಿದ್ದಿತ್ತು. ಹಾಗೇ ಬಿಟ್ಟು ಎದ್ದೆ.

ಕೆಟ್ಟದಾಗಿ ಹಾಡಿದ್ದರೆ ಜಗಳ ಸುಲಭವಾಗುತ್ತಿತ್ತು. ಆಕೆ ಯಾರ ದನಿಯನ್ನೂ ತಂದುಕೊಳ್ಳದೆ, ನಿಧಾನಕ್ಕೆ, ತನ್ನ ಪಾಡಿಗೆ ಹಾಡಿದರು. "ನಾನು" ಅಂದು ಒಂದು ಗಳಿಗೆ ನಿಂತು, ಆಮೇಲೆ "ಹತ್ತಲಿಲ್ಲ" ಅಂದರು. ಆ ನಿಲ್ಲುವಿಕೆ ಬರೆದವನಿಗೇ ಹೊಳೆದಿರಲಿಲ್ಲ. ನನ್ನ ಹೊಟ್ಟೆಕಿಚ್ಚಿನ ಮುಕ್ಕಾಲು ಭಾಗ ಅದಕ್ಕೇ ಹೋಯಿತು.

ಸ್ಟೇಜಿನ ಹಿಂದೆ ಅವರು ತಂಡದವರ ಜೊತೆ ಟೀ ಕುಡಿಯುತ್ತಿದ್ದಾಗ ಹೋಗಿ ನಿಂತೆ.

"ಅಕ್ಕ, ಆ ಬಸ್ಸಿನ ಹಾಡು ನಂದು."

"ನೀನು ಆ ಮಿಮಿಕ್ರಿಯವ್ನಲ್ವಾ? ಚೆನ್ನಾಗ್ ಮಾಡ್ತೀಯ ಕಣಪ್ಪ. ಆ ಕಂಡಕ್ಟರ್ದು ಒಂದ್ಸಲ ಮಾಡು, ಇವ್ರು ಕೇಳಿಲ್ಲ."

ಜಗಳಕ್ಕೆ ಬಂದವನು ಏನು ಮಾಡಬೇಕು? ನಾನು ಕಂಡಕ್ಟರ್ ಮಾಡಿದೆ. ಹೊಗಳಿದರೆ ತಡೆದುಕೊಳ್ಳುವ ಶಕ್ತಿ ನನಗೆ ದೇವರು ಕೊಟ್ಟಿಲ್ಲ. ಎಲ್ಲರೂ ಬಿದ್ದು ಬಿದ್ದು ನಕ್ಕರು, ತಬಲದವರ ಟೀ ಚೆಲ್ಲಿತು. ಅದಾದಮೇಲೆ ಮುಖ ಗಂಭೀರ ಮಾಡಿಕೊಂಡು "ನಿಜವಾಗ್ಲೂ ಆ ಹಾಡು ನಂದು" ಅಂದಾಗ ಇನ್ನೂ ಜೋರಾಗಿ ನಕ್ಕರು. ಅದನ್ನೂ ಐಟಂ ಅಂದುಕೊಂಡರು.

ನಗದವರು ಆ ಅಕ್ಕ ಒಬ್ಬರೇ. ಲೋಟ ಕೆಳಗಿಟ್ಟು ಕೇಳಿದರು. "ನಿಂದೇ ಆದ್ರೆ ಪಿಕ್ಚರ್ದು ಅಂತ ಯಾಕಂದೆ?"

ನಾನು ತಬಲದವರ ಚೆಲ್ಲಿದ ಲೋಟ ಎತ್ತಿಟ್ಟೆ. ಅಕ್ಕನೇ ಮುಂದುವರಿಸಿದರು.

"ನವೆಂಬರಲ್ಲಿ ಅಜ್ಜಂಪುರದಲ್ಲಿ ಒಂದ್ ಸಂಘದೋರು ರಾಜ್ಯೋತ್ಸವ ಮಾಡ್ತಾರೆ. ನಾನೂ ಹಾಡ್ತೀನಿ. ಅಲ್ಲಿ ಮೊದ್ಲು ನೀನೇ ಹಾಡ್ಬಿಟ್ಟು, ನಿಂದು ಅಂತ ಹೇಳು. ಜನ ಒಪ್ಪಿದ್ರೆ ನಾನು ಆ ಹಾಡಿನ್ ತಂಟೆಗೇ ಬರಲ್ಲ."

ನ್ಯಾಯವಾದ ಮಾತು. ಹತ್ತು ದಿನ ಅಭ್ಯಾಸಕ್ಕೆ ಕೂತೆ. ಆಗ ಗೊತ್ತಾಯಿತು, ನನ್ನ ಸ್ವಂತ ದನಿ ಯಾವುದು ಅಂತ ನನಗೇ ಸರಿಯಾಗಿ ತಿಳಿದಿರಲಿಲ್ಲ. ಬಾಯಿ ತೆರೆದರೆ ಒಂದು ಸಾಲಿಗೆ ಒಬ್ಬರು, ಇನ್ನೊಂದು ಸಾಲಿಗೆ ಇನ್ನೊಬ್ಬರು ಬಂದು ಕೂರುತ್ತಿದ್ದರು. ಕೊನೆಗೆ, ಅಮ್ಮ ಊಟಕ್ಕೆ ಕರೆದಾಗ "ಬಂದೆ" ಅನ್ನುತ್ತೇನಲ್ಲ, ಅದೇ ಇರಬೇಕು ಅಂತ ಆ ದನಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಅಜ್ಜಂಪುರದ ಸಂಘದ ಕಾರ್ಯದರ್ಶಿಗಳು ನಿವೃತ್ತ ಮೇಷ್ಟರು. ಕಾರ್ಯಕ್ರಮದ ಪಟ್ಟಿಯಲ್ಲಿ ನನ್ನ ಹಾಡಿನ ಮುಂದೆ ‘ಸ್ವರಚಿತ ಗೀತೆ’ ಅಂತ ಬರೆದುಕೊಂಡರು. ಆ ಎರಡು ಪದ ನೋಡಿ ನನಗೆ ಕಣ್ಣು ತುಂಬಿತು, ಸುಳ್ಳೇಕೆ. ಆದರೆ ಮಧ್ಯಾಹ್ನ ಮೈಕಿನಲ್ಲಿ ಅವರು ಕರೆದ ರೀತಿ ಇದು: "ಈಗ ನಮ್ಮ ಭಾಗದ ಜನಪ್ರಿಯ ಮಿಮಿಕ್ರಿ ಕಲಾವಿದರು ಒಂದು ಸ್ವರಚಿತ ಗೀತೆಯನ್ನು ಪ್ರಸ್ತುತಪಡಿಸಲಿದ್ದಾರೆ."

ಮಿಮಿಕ್ರಿ ಅನ್ನುವ ಪದ ಕಿವಿಗೆ ಬಿದ್ದದ್ದೇ ತಡ, ಜನ ಕುರ್ಚಿ ಮುಂದಕ್ಕೆಳೆದುಕೊಂಡರು. ಹಾಡಿನ ಮೊದಲ ಸಾಲು ಮುಗಿಯುವಷ್ಟರಲ್ಲಿ ಹಿಂದಿನ ಸಾಲುಗಳಲ್ಲಿ ಲೆಕ್ಕಾಚಾರ ಶುರುವಾಯಿತು.

"ಯಾರ್ದೋ ಇದು ವಾಯ್ಸು?"

"ಯಾರೋ ಹಳೇ ಹೀರೋದು ಇರ್ಬೇಕು."

"ಹಳೇ ಹೀರೋಗೆ ಶೀತ ಆದಂಗಿದೆ ಬಿಡೋ."

"ಲೇ, ನಮ್ ವಿಲೇಜ್ ಅಕೌಂಟೆಂಟ್ ಸಾಹೇಬ್ರು ಕಣ್ರೋ. ಖಾತೆ ಮಾಡ್ಸಕ್ ಹೋದಾಗ ಹಿಂಗೇ ಮೂಗಲ್ಲಿ ಮಾತಾಡ್ತಾರೆ."

ಸಭೆ ಇದನ್ನು ಒಪ್ಪಿತು. ಚಪ್ಪಾಳೆ ಬಿತ್ತು, ಒಬ್ಬರು ಶಿಳ್ಳೆಯನ್ನೂ ಹೊಡೆದರು. ಇಪ್ಪತ್ತಾರು ವರ್ಷ ಅಮ್ಮನ ಕರೆಗೆ ಓಗೊಟ್ಟ ದನಿಯನ್ನು ಕಂದಾಯ ಇಲಾಖೆಗೆ ಬರೆದುಕೊಟ್ಟು ಎಲ್ಲರೂ ನಿಶ್ಚಿಂತರಾದರು.

ನಡುವೆಯೇ ನಿಲ್ಲಿಸಿದೆ. ನಿಲ್ಲಿಸಿದ್ದನ್ನು ನೋಡಿ ಒಬ್ಬ ಸಮಾಧಾನ ಹೇಳಿದ. "ಇರ್ಲಿ ಅಣ್ಣ, ಈಗ ಒರಿಜಿನಲ್ ತರ ಹಾಡು."

"ಒರಿಜಿನಲ್ಲೇ ಇದು" ಅಂದೆ. ಮೈಕಿನಲ್ಲಿ ನನ್ನ ಕೋಪ ಕಿರ್ರ್ ಅಂತ ಕೂಗಿಕೊಂಡಿತು. "ಕೇಳ್ರಿ ಎಲ್ರೂ. ಆ ಪಿಕ್ಚರ್ರೇ ಇಲ್ಲ. ತರೀಕೆರೇಲಿ ಚೀಟಿ ಬರ್ದೋನು ನಾನು, ಪಿಕ್ಚರ್ ಅಂತ ಸುಳ್ ಹೇಳ್ದೋನು ನಾನು, ಹಾಡ್ ಬರ್ದೋನೂ ನಾನೇ. ಬೀರೂರಿಂದ ಇಲ್ಲಿಗ್ ಬರೋ ಬಸ್ಸಲ್ಲಿ ಟಿಕೆಟ್ ಹಿಂದ್ಗಡೆ ಬರ್ದಿದ್ದು. ಯಾರ್ ವಾಯ್ಸೂ ಅಲ್ಲ ಇದು, ನಂದು. ಇದನ್ನ ಒಪ್ಕೊಳ್ಳೋವರ್ಗೂ ನಾನ್ ಇಳಿಯಲ್ಲ."

ಮೇಷ್ಟರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸತೊಡಗಿದರು. ಸ್ಟೇಜಿನ ಪಕ್ಕ ಸರದಿಗೆ ಕಾಯುತ್ತಿದ್ದ ಅಕ್ಕ ನನ್ನ ಮುಖ ನೋಡದೆ ಸೆರಗು ಸರಿಮಾಡಿಕೊಂಡರು. ಮುಂದಿನ ಸಾಲಿನಲ್ಲಿ ಸಿಂಗಟಗೆರೆ ಕಡೆಯಿಂದ ಮಗಳ ಮನೆಗೆ ಬಂದಿದ್ದ ಒಬ್ಬ ಅಜ್ಜಿ ಕೂತಿದ್ದರು. ನನ್ನ ಭಾಷಣವನ್ನೆಲ್ಲ ತಾಳ್ಮೆಯಿಂದ ಕೇಳಿ, ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ದವಡೆಗೆ ಸರಿಸಿ ಹೇಳಿದರು:

"ಆಯ್ತು ಕಣಪ್ಪ, ನೀನೇ ಬರ್ದಿದ್ದು, ಒಪ್ಕಂಡ್ವಿ. ಈಗ ಆ ಮೈಕ್ನ ಆಯಮ್ಮನ್ ಕೈಗ್ ಕೊಟ್ಟು ಇಳಿ, ನಾವು ಹಾಡ್ ಕೇಳ್ಬೇಕು."