ಕೆನಿ ತೆಗೆಯುತ್ತಿದ್ದ ಅಕ್ಕ

ಮೊನ್ನೆ ಕಾಸಿಟ್ಟ ಹಾಲಿನ ಮೇಲೆ ದಪ್ಪಗೆ ಕೆನೆ ಕಟ್ಟಿತ್ತು. ಚಮಚ ಇಳಿಸಿದವಳು ಹಾಗೇ ನಿಂತುಬಿಟ್ಟೆ. ಅಕ್ಕ ನೆನಪಾದಳು...

ಒಡಹುಟ್ಟಿದ ಅಕ್ಕ ಅಲ್ಲ. ಕೊಪ್ಪಳದ ಲ್ಯಾಬಿನಲ್ಲಿ ನನಗಿಂತ ಮೊದಲು ಪಿಎಚ್‌ಡಿಗೆ ಸೇರಿದವಳು. ದಿನಾ ಕುಷ್ಟಗಿ ಬಸ್ಸಿಗೆ ಬರುತ್ತಿದ್ದಳು. ನಾವು ಗ್ರಾಫೀನ್ ಬೆಳೆಸುತ್ತಿದ್ದೆವು. ತಾಮ್ರದ ತೆಳು ಹಾಳೆಯನ್ನು ಕುಲುಮೆಯಲ್ಲಿಟ್ಟು ಮೀಥೇನ್ ಹಾಯಿಸಿದರೆ ಅದರ ಮೇಲೆ ಇಂಗಾಲ ಒಂದೇ ಪದರವಾಗಿ ಕೂರುತ್ತಿತ್ತು. ಅದಕ್ಕೆ ಪ್ಲಾಸ್ಟಿಕ್ ಲೇಪ ಕೊಟ್ಟು, ತಾಮ್ರವನ್ನು ದ್ರಾವಣದಲ್ಲಿ ಕರಗಿಸಿದರೆ ಪದರ ತೇಲುತ್ತಿತ್ತು. ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. ಅದನ್ನು ಬಾಗುವ ಹಾಳೆಯ ಮೇಲೆ ಎತ್ತಿಕೊಳ್ಳುವುದಿತ್ತಲ್ಲ, ಅಲ್ಲೇ ನಮ್ಮೆಲ್ಲರದೂ ಹರಿದು ಚಿಂದಿಯಾಗುತ್ತಿತ್ತು. ಅಕ್ಕ ಮಾತ್ರ ಇಡಿಯಾಗಿ ಎತ್ತುತ್ತಿದ್ದಳು. ಆ ಕೆಲಸಕ್ಕೆ ‘ಕೆನಿ ತಗಿಯೂದು’ ಅನ್ನುತ್ತಿದ್ದಳು. ಲ್ಯಾಬಿಗೆಲ್ಲ ಅದೇ ಮಾತಾಯಿತು.

ಒಮ್ಮೆ ದೊಡ್ಡ ಊರಿನ ಪರಿಣತರು ನೋಡಲು ಬಂದರು. ನಮ್ಮ ಗೈಡ್ ಅಕ್ಕ ಪದರ ಎತ್ತಿದ್ದ ಪಾರದರ್ಶಕ ಹಾಳೆಯನ್ನು ಬಾಗಿಸಿ ಹಿಡಿದರು, ಅದರಲ್ಲಿ ಹರಿದ ಕರೆಂಟಿಗೆ ಸಣ್ಣ ದೀಪ ಆರದೆ ಉರಿಯಿತು. ಇದನ್ನು ಎತ್ತಿದ್ದು ಹೇಗೆಂದು ಒಬ್ಬರು ಕೇಳಿದರು. ಅಕ್ಕ ಖುಷಿಯಲ್ಲಿ, “ಕೆನಿ ತಗದಂಗ ತಗೀಬೇಕ್ರೀ ಸರ್, ಜಗ್ಗಿದ್ರ ಹರೀತೈತಿ” ಅಂದಳು.

“ನೋಡ್ರಿ, ಈಕಿ ಇನ್ನಾ ಅಡಗಿಮನಿ ಬಿಟ್ಟು ಹೊರಗ ಬಂದಿಲ್ಲ” ಎಂದರು ಗೈಡ್. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು, ಪಾಪ.

ಕೆಲವು ತಿಂಗಳಿಗೆ ಆ ಹಾಳೆಯ ಮೇಲಿನ ಪ್ರಬಂಧ ಅಚ್ಚಾಯಿತು. ಅಕ್ಕನ ಹೆಸರೇ ಇಲ್ಲ! ಆ ಹೆಸರಿಲ್ಲದೆ ಅವಳ ಪಿಎಚ್‌ಡಿ ಮುಗಿಯುವಂತಿರಲಿಲ್ಲ. ನನ್ನೆದುರಿಗೇ ಗೈಡ್ ಹತ್ತಿರ ಹೋಗಿ ಕೇಳಿದಳು.

“ಕೆನಿ ತಗದವರ ಹೆಸರು ಹಾಲಿನ ಪಾಕೀಟಿನ ಮ್ಯಾಲ ಹಾಕ್ತಾರೇನವಾ?”

“ಹಿಂಡಿದಾಕೀನೂ ನಾನ ಅಲ್ರೀ ಸರ್?”

ಅವರು ಮತ್ತೊಂದು ಕೆಲಸ ಮೊದಲಿನಿಂದ ಶುರು ಮಾಡು ಅಂದರು. ಅಷ್ಟರಲ್ಲಿ ಅವಳ ಮದುವೆ ಗೊತ್ತಾಗಿತ್ತು. ಪದವಿ ಬರುವುದಿಲ್ಲವೆಂದ ಮೇಲೆ ಯಲಬುರ್ಗಾದ ಅತ್ತೆಮನೆಯವರು ಇನ್ನು ಕೊಪ್ಪಳದ ಓಡಾಟ ಯಾಕೆ ಅಂದರು. ಅಕ್ಕ ಮರಳಿ ಬರಲಿಲ್ಲ. ಗೈಡ್ ಆ ಹಾಳೆ ತೋರಿಸಿಯೇ ದೊಡ್ಡ ಹುದ್ದೆಗೆ ಹೋದರು. ಉಂಡೂ ಹೋದ, ಕೊಂಡೂ ಹೋದ ಅಂತಾರಲ್ಲ, ಆ ಪೈಕಿ. ಇವತ್ತಿಗೂ ಆ ಮನುಷ್ಯನ ಹೆಸರು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅಕ್ಕ ಜಡ್ಡಿನಲ್ಲಿ ತೀರಿಕೊಂಡ ಸುದ್ದಿ ನನಗೆ ತಡವಾಗಿ ಮುಟ್ಟಿತು... ಇಂದು ಯಲಬುರ್ಗಾಕ್ಕೆ ಹೋಗಿ ಬಂದೆ. ಅವಳ ಮಗಳು ಸಾಲಿಯ ವಿಜ್ಞಾನದ ಪುಸ್ತಕ ಹಿಡಿದು ಬಂದು ಪಕ್ಕದಲ್ಲಿ ಕೂತಳು. ನಾನು ಅವರವ್ವನ ಗೆಳತಿ ಎಂದಷ್ಟೇ ಅವಳಿಗೆ ಗೊತ್ತು.

“ಚಿಗವ್ವ, ನಮ್ಮವ್ವ ಎಷ್ಟನೇ ಕ್ಲಾಸಿನ ಮಟ ಕಲ್ತಿದ್ಲು?”

ಆ ಮನೆಯಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ. ಅಕ್ಕ ಕೂಡ.