ಒಂದು ಕಾಲು ಊರಿದರೆ ಸಾಕು

ಅವರ ಎಡ ಮಣಿಕಟ್ಟಿನಲ್ಲಿ ಗಡಿಯಾರದಷ್ಟೇ ಅಗಲದ ಒಂದು ಬಿಳಿ ಪಟ್ಟಿ ಇತ್ತು. ಉಳಿದ ಕೈಯೆಲ್ಲ ಬಿಸಿಲಿಗೆ ಬೆಂದು ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಹರಿಹರದ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನ ಪಿ.ಟಿ. ಟೀಚರ್ ಅವರು. ಎತ್ತರ ಐದಡಿ ಮುಟ್ಟಿದರೆ ಹೆಚ್ಚು. ತಂದೆಯ ಕಾಲದ ಹಳೇ ಬೈಕಿನಲ್ಲಿ ಶಾಲೆಗೆ ಬರುತ್ತಿದ್ದರು. ಆ ಗಾಡಿಯ ಸದ್ದು ಸೇತುವೆ ಹತ್ತಿರ ಕೇಳಿದರೆ ಸಾಕು, ಪ್ರಾರ್ಥನೆಯ ಸಾಲು ತಾನಾಗಿಯೇ ನೆಟ್ಟಗಾಗುತ್ತಿತ್ತು.

ಮುದ್ದು ಮಾಡುವ ಪೈಕಿ ಅಲ್ಲ. ಹರ್ಡಲ್ಸ್ ಅಭ್ಯಾಸದಲ್ಲಿ ನಾನು ಅಡ್ಡಪಟ್ಟಿಗೆ ಕಾಲು ಸಿಕ್ಕಿ ಮುಗ್ಗರಿಸಿ ಬಿದ್ದಾಗ ಗೆಳತಿಯರು ಎತ್ತಲು ಓಡಿ ಬಂದರು. ಟೀಚರ್ ಕೈಯೆತ್ತಿ ಅವರನ್ನೆಲ್ಲ ತಡೆದರು. ನನ್ನ ಪಕ್ಕದಲ್ಲೇ ಮಣ್ಣಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮಂಡಿಯನ್ನು ಒತ್ತಿ ನೋಡಿ, "ಮುರಿದಿಲ್ಲ. ಅಳೋದೆಲ್ಲ ಅತ್ತು ಮುಗಿಸು. ಆಮ್ಯಾಲೆ ಎದ್ದೇಳು. ಅವಸರ ಏನೈತೆ?" ಎಂದರು. ನಾನು ಎದ್ದು ನಿಲ್ಲುವವರೆಗೂ ಎದ್ದು ಹೋಗಲಿಲ್ಲ. "ನೆಲ ಯಾರನ್ನೂ ತಿನ್ನಲ್ಲವ್ವ" ಎಂಬುದು ಅವರ ಮಾತು. ಬಿದ್ದವರಿಗೆಲ್ಲ ಅದೇ ಔಷಧಿ.

ಓದು ಮುಗಿದ ಮೇಲೆ ನಾನು ದಾವಣಗೆರೆಯ ಒಂದು ಬೈಕ್ ಶೋರೂಮಿಗೆ ಕೆಲಸಕ್ಕೆ ಸೇರಿದೆ. ಅಣ್ಣನ ಗಾಡಿಯಲ್ಲಿ ಬೈಕ್ ಕಲಿತವಳು ನಾನು. ದೊಡ್ಡ ಗಾಡಿಗಳ ಟೆಸ್ಟ್ ರೈಡ್ ಕೊಡಬೇಕೆಂಬ ಆಸೆ. ಮ್ಯಾನೇಜರ್ ಸ್ಕೂಟರ್ ಕೌಂಟರಿನಲ್ಲಿ ಕೂರಿಸಿದರು. ಕೇಳಿದಾಗಲೆಲ್ಲ ಒಂದೇ ಉತ್ತರ: "ಬಿದ್ರೆ ಎತ್ತೋರು ಯಾರು?" ಕೇಳಿ ಕೇಳಿ ಕೊನೆಗೆ ಕೇಳುವುದನ್ನೇ ಬಿಟ್ಟಿದ್ದೆ.

ಒಂದು ಬೆಳಿಗ್ಗೆ ಟ್ರ್ಯಾಕ್ ಪ್ಯಾಂಟು, ಕ್ಯಾನ್ವಾಸ್ ಶೂ ಹಾಕಿಕೊಂಡು, ಕೈಯಲ್ಲಿ ಹೆಲ್ಮೆಟ್ ಹಿಡಿದು ಟೀಚರ್ ಒಳಗೆ ಬಂದರು. ನಿವೃತ್ತಿಯಾಗಿ ಹೆಚ್ಚು ದಿನ ಆಗಿರಲಿಲ್ಲ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಸ್ಕೂಟರುಗಳ ಸಾಲನ್ನು ಕಣ್ಣೆತ್ತಿಯೂ ನೋಡದೆ ನೇರವಾಗಿ ಒಳಗಿದ್ದ ಅಡ್ವೆಂಚರ್ ಬೈಕಿನ ಮುಂದೆ ನಿಂತರು. ದೊಡ್ಡ ಮುಂಚಕ್ರ, ಎತ್ತರದ ಸೀಟು, ಎರಡು ಕ್ವಿಂಟಲ್ ಹತ್ತಿರದ ತೂಕ. ಡಾಂಬರಿನ ಮೇಲೂ ಕಲ್ಲುಮಣ್ಣಿನ ಮೇಲೂ ಓಡುವಂತೆ ಮಾಡಿದ ಗಾಡಿ.

"ಹಿಮಾಲಯಕ್ಕೆ ಹೋಗಬೇಕು. ಇದು ನನಗಾಗುತ್ತೋ ಇಲ್ಲೋ ನೋಡಬೇಕು" ಎಂದರು.

ಮ್ಯಾನೇಜರ್ ನಕ್ಕರು. "ಮೇಡಂ, ನಿಮ್ಗೆ ಕಾಲು ಎಟುಕಲ್ರಿ. ಒಳ್ಳೆ ಸ್ಕೂಟರ್ ತೋರಿಸ್ತೀನಿ, ಬರ್ರಿ."

"ನಮ್ಮಣ್ಣನೂ ಹಂಗೇ ಅಂದ. ಶಾಮನೂರಾಗ ಕೂತು ಹೇಳೋರು ಭಾಳ ಜನ ಅದಾರೆ. ನಾನು ಕೇಳಿದ್ದು ಗಾಡಿ." ಹಾಗೆ ಹೇಳುತ್ತಲೇ ಎಡಗಡೆಯ ಕಾಲಿಡುವ ಫುಟ್‌ಪೆಗ್ ಮೇಲೆ ನಿಂತು, ಕುದುರೆ ಏರಿದಂತೆ ಆ ಕಡೆಗೆ ಕಾಲು ಹಾಕಿ ಕೂತರು. ಎರಡೂ ಕಾಲು ಗಾಳಿಯಲ್ಲಿ. ಸೊಂಟವನ್ನು ಒಂದಿಷ್ಟು ಎಡಕ್ಕೆ ಸರಿಸಿದರು; ಎಡಪಾದ ನೆಲಕ್ಕೆ ಕೂತಿತು. "ಒಂದು ಕಾಲು ಊರಿದ್ರೆ ಸಾಕ್ರಿ. ಎರಡೂ ಊರೋದಾದ್ರೆ ನಡಕೊಂಡೇ ಹೋಗಬಹುದಲ್ಲ?"

ಮ್ಯಾನೇಜರ್ ಸೋತರು. "ಆಯ್ತು, ಬೈಪಾಸ್‌ತನಕ ಹೋಗಿ ಬರ್ರಿ. ನಮ್ಮ ಹುಡುಗನ್ನ ಕಳಿಸ್ತೀನಿ."

"ಬರೀ ಡಾಂಬರು ತುಳಿಯೋಕೆ ಇಷ್ಟೆತ್ತರದ ಗಾಡಿ ಯಾಕ ಬೇಕು? ಹೊಳೇತನಕ ಹೋಗ್ತೀನಿ. ಹುಡುಗ ಬ್ಯಾಡ, ನಮ್ಮ ಶಾಲೆ ಹುಡುಗಿ ಇವಳು ಬರ್ಲಿ." ಅವರ ಬೆರಳು ನನ್ನ ಕಡೆ ಇತ್ತು. ಶೋರೂಮಿನಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ಮ್ಯಾನೇಜರ್, "ಡೆಮೋ ಗಾಡಿ ತಗೊಂಡು ಹೋಗ್ರಿ. ಏನಾದ್ರೂ ಆದ್ರೆ ಜವಾಬ್ದಾರಿ ನಿಂದು" ಎಂದು ನನಗೆ ಬೀಗದ ಕೈ ಕೊಟ್ಟರು.

ನಾನು ಹಿಂದೆ ಕೂತೆ. ಪೇಟೆಯ ಸಂದಣಿ ದಾಟುವಷ್ಟರಲ್ಲಿ ಟೀಚರ್ ಮೊದಲ ತಪ್ಪು ಹಿಡಿದರು: "ಇಂಜಿನ್ನಿನ ಬಿಸಿ ಬಲಗಾಲಿಗೆ ಬಡಿತೈತೆ." ಹೆದ್ದಾರಿಗೆ ಬಿದ್ದ ಮೇಲೆ ಅವರ ದನಿ ಬದಲಾಯಿತು. ಲಾರಿಗಳನ್ನು ದಾಟುವಾಗ ಗಾಡಿ ಒಂದಿಷ್ಟೂ ಅಳ್ಳಾಡಲಿಲ್ಲ. ಮುಂದಿನ ಗಾಜು ನನ್ನ ಹೆಲ್ಮೆಟ್ಟಿಗೆ ಗಾಳಿ ಬಡಿಸುತ್ತಿತ್ತು, ಅವರಿಗೆ ಪೂರ್ತಿ ಮರೆ. "ಕುಳ್ಳಗಿದ್ದೋರಿಗೂ ಒಂದು ಲಾಭ ಐತೆ ನೋಡು!" ಎಂದು ಕೂಗಿದರು. ವೇಗ ಹೆಚ್ಚಾದಾಗ ಕನ್ನಡಿ ನಡುಗುತ್ತಿತ್ತು, ಸೀಟು ಗಟ್ಟಿ ಇತ್ತು. ಅದನ್ನೂ ಬಿಡದೆ ಹೇಳಿದರು.

ಗುತ್ತೂರಿನ ಹತ್ತಿರ ಗದ್ದೆಗಳ ನಡುವಿನ ಬಂಡಿದಾರಿಗೆ ಇಳಿದಾಗ ನನ್ನನ್ನು ಇಳಿಸಿ, ಪೆಗ್ಗಿನ ಮೇಲೆ ಎದ್ದು ನಿಂತು ಓಡಿಸಿದರು. ಗುಂಡಿಗಳನ್ನೆಲ್ಲ ಗಾಡಿ ನುಂಗುತ್ತಾ ಹೋಯಿತು. ನಾನು ಹಿಂದೆ ಓಡಿದೆ. ಬೆಳ್ಳಗಿನ ಜಡೆ ಹೆಲ್ಮೆಟ್ಟಿನ ಕೆಳಗೆ ಹಾರುತ್ತಿತ್ತು. ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದರು.

ಹೊಳೆಯ ಮರಳು ಮಾತ್ರ ಬೇರೆಯೇ ಲೆಕ್ಕ. ಚಕ್ರ ಹೂತುಕೊಳ್ಳುತ್ತಿದ್ದಂತೆ ಟೀಚರ್ ಗಾಬರಿಯಲ್ಲಿ ಮುಂದಿನ ಬ್ರೇಕ್ ಹಿಡಿದುಬಿಟ್ಟರು. ಹ್ಯಾಂಡಲ್ ತಿರುಚಿತು, ಗಾಡಿ ಬಲಕ್ಕೆ ಉರುಳಿತು, ಅವರು ಒಂದು ಮಾರು ದೂರ ಹೋಗಿ ಬಿದ್ದರು.

ನಾನು ಓಡಿಹೋಗಿ ನೋಡಿದರೆ ಅವರು ಮಲಗಿದಲ್ಲೇ ಬಾಯಿಂದ ಮರಳು ಉಗುಳುತ್ತಾ ನಗುತ್ತಿದ್ದರು. "ತಪ್ಪು ನಂದೇ. ಬ್ರೇಕ್ ಹಿಡೀಬಾರದಿತ್ತು."

ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು, ಮೀನಿನ ಬಲೆ ಒಣಗಿಸುತ್ತಿದ್ದವರು ಎತ್ತಿಕೊಡಲು ಹತ್ತಿರ ಬಂದರು. "ಯಾರೂ ಮುಟ್ಟಬ್ಯಾಡ್ರಿ" ಎಂದರು ಟೀಚರ್. ಇಂಜಿನ್ ಆರಿಸಿ, ಗೇರಿಗೆ ಹಾಕಿ, ಎಡಗಡೆಯ ಸೈಡ್ ಸ್ಟ್ಯಾಂಡನ್ನು ಮೊದಲೇ ಬಿಡಿಸಿದರು. ಆಮೇಲೆ ಗಾಡಿಗೆ ಬೆನ್ನು ಕೊಟ್ಟು, ಸೀಟಿಗೆ ಸೊಂಟ ಆನಿಸಿ ಕುಕ್ಕರಗಾಲಲ್ಲಿ ಕೂತರು. ಒಂದು ಕೈ ಹ್ಯಾಂಡಲ್ಲಿಗೆ, ಇನ್ನೊಂದು ಹಿಂದಿನ ಕಂಬಿಗೆ. ತೋಳಿನಿಂದ ಎಳೆಯಲಿಲ್ಲ; ತೊಡೆಯಿಂದ ಒತ್ತಿ, ಸಣ್ಣಸಣ್ಣ ಹೆಜ್ಜೆಯಲ್ಲಿ ಹಿಂದಕ್ಕೆ ನಡೆದರು. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. ಗಾಡಿ ಮೇಲೆದ್ದು ನಿಂತಿತು. ದಡದಲ್ಲಿದ್ದವರು ಶಿಳ್ಳೆ ಹೊಡೆದರು.

ಟೀಚರ್ ಸುಧಾರಿಸಿಕೊಂಡು ನೀರು ಕುಡಿದರು. ನಂತರ ಅದೇ ಗಾಡಿಯನ್ನು ನನ್ನ ಕೈಯಿಂದಲೂ ಹಿಡಿಸಿ, ಮೆತ್ತಗೆ ಮತ್ತೆ ಮರಳಿಗೆ ಮಲಗಿಸಿಬಿಟ್ಟರು!

"ಈಗ ನೀನು."

"ಟೀಚರ್, ನನ್ನ ಕೈಲಾಗಲ್ಲ. ಬಿದ್ರೆ ಎತ್ತೋರು ಯಾರು ಅಂತ ಮ್ಯಾನೇಜರ್ ಯಾವಾಗ್ಲೂ ಅಂತಾರೆ. ಗೀರು ಬಿದ್ರೆ ಕೆಲಸ ಹೋಗುತ್ತೆ."

"ಅಂಗಡ್ಯಾಗ ಅವನು ಅಂದಿದ್ದು ನಿನ್ನ ಕಿವ್ಯಾಗ ಕೂತೈತೆ. ಅದನ್ನ ಇಲ್ಲೇ ಹೊಳೆಗೆ ಬಿಟ್ಟು ಹೋಗು."

ಮೊದಲ ಸಲ ಗಾಡಿ ಮಂಡಿಯೆತ್ತರ ಬಂದು ಮತ್ತೆ ಕುಸಿಯಿತು. ಅಳು ಬಂತು. ಟೀಚರ್ ಮರಳಿನ ಮೇಲೆ ಕೂತು ಕಾದರು. ಎರಡನೇ ಸಲ ತೊಡೆಗೆ ಬಲ ಕೊಟ್ಟೆ. ಹಿಮ್ಮಡಿ ಹೂತುಹೋಯಿತು, ಹಲ್ಲು ಕಚ್ಚಿದೆ, ಇನ್ನೊಂದು ಹೆಜ್ಜೆ, ಮತ್ತೊಂದು ಹೆಜ್ಜೆ. ಬೆನ್ನ ಮೇಲಿನ ಭಾರ ತಟ್ಟನೆ ಹಗುರಾಯಿತು. ಗಾಡಿ ಸ್ಟ್ಯಾಂಡಿನ ಮೇಲೆ ನಿಂತಿತ್ತು. ನಾನು ಕೂಗಿದ ಕೂಗು ಸೇತುವೆಯವರೆಗೂ ಕೇಳಿರಬೇಕು.

ವಾಪಸ್ ಬರುವಾಗ ಹ್ಯಾಂಡಲ್ ಹಿಡಿದವಳು ನಾನು, ಹಿಂದೆ ಟೀಚರ್. ಶೋರೂಮಿನ ಬಾಗಿಲಲ್ಲಿ ನಾನು ಒಂದು ಕಾಲು ಊರಿ ನಿಲ್ಲಿಸಿದಾಗ ಮ್ಯಾನೇಜರ್ ಮರಳು ಮೆತ್ತಿದ ನಮ್ಮಿಬ್ಬರನ್ನೂ ಗಾಡಿಯನ್ನೂ ನೋಡಿದರು. "ಬಿತ್ತೇನ್ರಿ?"

"ಬಿತ್ತು. ಎತ್ತಿದ್ವಿ" ಎಂದರು ಟೀಚರ್. "ಬಿಸಿ ಬಡಿತೈತೆ, ಕನ್ನಡಿ ನಡುಗ್ತೈತೆ, ಸೀಟು ಕಲ್ಲು. ಆದ್ರೆ ಗಾಡಿ ನಂದು. ಬುಕ್ ಮಾಡ್ಕೊಳ್ರಿ. ಮತ್ತೆ ಈ ಹುಡುಗಿನ ಇನ್ನು ಸ್ಕೂಟರ್ ಮುಂದೆ ಕೂರಿಸಬ್ಯಾಡ್ರಿ."

ಮುಂದಿನ ವಾರದಿಂದ ದೊಡ್ಡ ಗಾಡಿಗಳ ಬೀಗದ ಕೈ ನನ್ನ ಬಳಿ ಬಂತು. ಟೀಚರ್ ಬೇಸಿಗೆಯಲ್ಲಿ ಹೊರಟು, ಮಂಜಿನ ಕಣಿವೆಯೊಂದರ ತುದಿ ಮುಟ್ಟಿ ನನಗೆ ಫೋನ್ ಮಾಡಿದರು. ಗಾಳಿಯ ಸದ್ದಿನಲ್ಲಿ ಮಾತೇ ಕೇಳಿಸಲಿಲ್ಲ. ಏದುಸಿರು ಮತ್ತು ನಗು ಮಾತ್ರ ಕೇಳಿತು. ಶಾಮನೂರಿನ ಅವರಣ್ಣ, ತಂಗಿ ಅಲ್ಲಿಂದ ಕಳಿಸಿದ ಫೋಟೋವನ್ನು ಬಂದವರಿಗೆಲ್ಲ ತೋರಿಸುತ್ತಿದ್ದರಂತೆ.

ಈ ವರ್ಷ ನಾನು ಗುತ್ತೂರಿನ ಹತ್ತಿರದ ಬಯಲಿನಲ್ಲಿ ಹೆಂಗಸರಿಗೆ ಮಣ್ಣುದಾರಿಯಲ್ಲಿ ಬೈಕ್ ಓಡಿಸುವ ತರಗತಿ ಶುರು ಮಾಡಿದೆ. ಮೊದಲ ಭಾನುವಾರ ಎಸ್.ಎಸ್. ಬಡಾವಣೆಯ ಒಬ್ಬ ಡಾಕ್ಟರ್, ಬಟ್ಟೆ ಅಂಗಡಿಯ ಇಬ್ಬರು ಅಕ್ಕತಂಗಿಯರು, ಕಾಲೇಜು ಹುಡುಗಿಯರು ಸಾಲಾಗಿ ಗಾಡಿ ನಿಲ್ಲಿಸಿಕೊಂಡಿದ್ದರು. ಸಾಲಿನ ಕೊನೆಯಲ್ಲಿ ಹೆಲ್ಮೆಟ್ ತೆಗೆಯುತ್ತಿದ್ದವರನ್ನು ನೋಡಿ ನಾನು ಅತ್ತ ಓಡಿದೆ.

"ಟೀಚರ್, ನೀವು ಇಲ್ಲಿ?"

ಅವರು ನೆಟ್ಟಗೆ ನಿಂತರು. ನಾವು ಹಿಂದೆ ಅವರೆದುರು ನಿಲ್ಲುತ್ತಿದ್ದ ಹಾಗೆಯೇ.

"ಮರಳಾಗ ಓಡ್ಸೋದು ನನಗಿನ್ನೂ ಬಂದಿಲ್ಲ. ಹೇಳಿಕೊಡ್ರಿ, ಮೇಡಂ."