ಬಂದ್ ಮಾಡದ ಗಾಡಿ

ಮೊಣಕಾಲಿನ ಆಪರೇಶನ್ ಆದಮೇಲೆ ನಾನು ಬಸ್ಸಿಗೆ ಒಗ್ಗಿಕೊಂಡೆ. ಬೈಲಹೊಂಗಲದ ನಮ್ಮ ಮನೆಯ ತಗಡಿನ ಶೆಡ್ಡಿನಲ್ಲಿ ಕಾರು ಕವರು ಹೊದ್ದು ಮಲಗಿತು. ಆದರೆ ಅಮಾವಾಸ್ಯೆಯ ಪೂಜೆ ಒಂದೂ ತಪ್ಪಲಿಲ್ಲ. ಕವರು ಸರಿಸಿ, ನೀರು ಹೊಡೆದು, ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಟೈರಿನ ಮುಂದೆ ನಿಂಬೆಹಣ್ಣಿಟ್ಟು ಕಾಯಿ ಒಡೆಯುತ್ತಿದ್ದೆ. ಗಾಡಿ ಮುಂದೆ ಸರಿದರೆ ತಾನೆ ನಿಂಬೆಹಣ್ಣು ಒಡೆಯುವುದು? ಅದು ಅಲ್ಲೇ ಒಣಗುತ್ತಿತ್ತು. ಇಷ್ಟು ಭಕ್ತಿಯಿಂದ ನೋಡಿಕೊಂಡ ಗಾಡಿ ಕೈಕೊಟ್ಟೀತು ಎಂದು ನನಗೆ ಅನ್ನಿಸಲೇ ಇಲ್ಲ.

ಪಕ್ಕದ ಮನೆಯ ಟೇಲರನ ಮಗಳ ಶಾದಿ ಗೊತ್ತಾಯಿತು. ಹುಡುಗನ ಊರು ರಾಮದುರ್ಗದ ಆಚೆ, ಸುರೇಬಾನ. ಆ ಹುಡುಗಿ ನಮ್ಮ ಕಟ್ಟೆಯ ಮೇಲೆ ಕೂತು ಅಕ್ಷರ ಕಲಿತವಳು; ರಂಜಾನಿಗೆ ಸುರಕುಂಬಾ ಪಾಯಸದ ಡಬ್ಬಿ ಹಿಡಿದು ಮೊದಲು ನಮ್ಮ ಮನೆಗೇ ಬರುವವಳು. ಅವಳಪ್ಪ ಬಾಡಿಗೆ ಗಾಡಿ ಹೇಳಲು ಹೊರಟಾಗ ನಾನು ದೊಡ್ಡಸ್ತಿಕೆಯಿಂದ ಅಡ್ಡ ಬಂದೆ.

“ಬ್ಯಾರೆ ಗಾಡಿ ಯಾಕ್ರಿ? ನನ್ನ ಗಾಡಿ ಐತಲ್ಲ. ಮಗಳನ್ನ ನಾನಽ ಬಿಟ್ಟು ಬರತೇನಿ.”

ಶಾದಿಯ ದಿನ ಹೂವಿನವನು ಶೆಡ್ಡಿಗೇ ಬಂದು ಬಾನೆಟ್ ತುಂಬ ಮಲ್ಲಿಗೆಯ ಜಾಳಿಗೆ ಕಟ್ಟಿದ. ಒಮ್ಮೆ ಚಾಲೂ ಮಾಡಿ ನೋಡಬೇಕೆಂಬ ವಿಚಾರ ನನ್ನ ತಲೆಗೆ ಹೊಳೆಯಲಿಲ್ಲ. ಹುಡುಗಿ ಅಪ್ಪನ ಕೊರಳಿಗೆ ಬಿದ್ದು ಅತ್ತು, ಮದುಮಗನ ಪಕ್ಕ ಬಂದು ಕೂತಳು. ನಾನು ಕೀಲಿ ತಿರುವಿದೆ. ಟಕ್ ಎಂದಿತು, ಅಷ್ಟೇ. ಮತ್ತೆ ತಿರುವಿದೆ. ಸ್ಟಿಯರಿಂಗಿನ ಮುಂದಿನ ಪುಟ್ಟ ದೀಪಗಳೂ ಆರಿದವು. ಇಡೀ ಓಣಿ ಗಾಡಿಯ ಸುತ್ತ ನಿಂತಿತ್ತು.

ಹಿಂದಿನ ಓಣಿಯ ಟ್ರ್ಯಾಕ್ಟರಿನವನು ತನ್ನ ಟ್ರ್ಯಾಕ್ಟರನ್ನೇ ತಂದ. ಅದರ ಬ್ಯಾಟರಿಯಿಂದ ವೈರು ಕೊಡಬೇಕೆಂದರೆ ಬಾನೆಟ್ ತೆರೆಯಬೇಕು, ಬಾನೆಟ್ ತೆರೆಯಬೇಕೆಂದರೆ ಹೂವು ಹರಿಯಬೇಕು. ಹುಡುಗಿಯ ಅಪ್ಪನೇ ಮನೆಯೊಳಗಿಂದ ಕತ್ತರಿ ತಂದು ದಾರ ಕತ್ತರಿಸಿದ. ಮಲ್ಲಿಗೆ ಮಣ್ಣಿಗೆ ಬಿತ್ತು.

“ನಾವಽ ನಿಮಗ ತ್ರಾಸ ಕೊಟ್ವಿರಿ ಮಾಸ್ತರ” ಎಂದ ಅವನು. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಎಂಜಿನ್ ಚಾಲೂ ಆದಮೇಲೆ ಟ್ರ್ಯಾಕ್ಟರಿನವನು ನನ್ನ ಕಿವಿಯಲ್ಲಿ, “ಎಲ್ಲೂ ಬಂದ್ ಮಾಡಬ್ಯಾಡ್ರಿ. ಬ್ಯಾಟರಿ ಪೂರಾ ಹೋಗೇತಿ, ಮತ್ತ ಏಳೂದಿಲ್ಲ” ಎಂದ.

ಕಟಕೋಳ, ರಾಮದುರ್ಗ ದಾಟುವವರೆಗೂ ನನ್ನ ಕಿವಿ ಎಂಜಿನ್ನಿನ ಸಪ್ಪಳದ ಮೇಲೇ ಇತ್ತು. ಸುರೇಬಾನದಲ್ಲಿ ಹೆಂಗಸರು ಬಂದು ಮದುಮಕ್ಕಳನ್ನು ಸುತ್ತುವರಿದು ಒಳಗೆ ಕರೆದೊಯ್ದರು. ನಾನು ಇಳಿಯಲಿಲ್ಲ. ಎಕ್ಸಲರೇಟರಿನಿಂದ ಕಾಲು ತೆಗೆದರೆ ಎಂಜಿನ್ ಕುಂಟುತ್ತಿತ್ತು. ಊಟಕ್ಕೆ ಕರೆಯಲು ಬಂದವರಿಗೆ, “ನಂದು ಊಟಾ ಆಗೇತ್ರಿ” ಎಂದೆ. ಖರೆ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಒಂದು ಊರಿನಲ್ಲಿ ಹೋದ ಮರ್ಯಾದೆ ಸಾಕಾಗಿತ್ತು, ಇನ್ನೊಂದು ಊರಿನಲ್ಲಿ ಕಳೆದುಕೊಳ್ಳುವ ಮನಸ್ಸಿರಲಿಲ್ಲ. ಮತ್ತೊಬ್ಬರು ಬಂದು ಕರೆದರು. ಅವರಿಗೂ ಅದನ್ನೇ ಹೇಳಿದೆ.

ಸ್ವಲ್ಪ ಹೊತ್ತಿಗೆ ಮದುಮಗನ ಅಜ್ಜ ಬಂದರು. ಕೈಯಲ್ಲಿದ್ದ ತಟ್ಟೆಯಲ್ಲಿ ಬಾಳೆಹಣ್ಣು, ಸೀಲು ಒಡೆಯದ ನೀರಿನ ಬಾಟಲಿ.

“ಹಣ್ಣಿಗೇನ ಅಡ್ಡಿ ಇರಾಕಿಲ್ಲಲ್ರಿ? ನೀರೂ ಅಂಗಡ್ಯಾಗಿಂದ ತರಿಸೇನಿ, ನಮ್ಮ ಮನೀದಲ್ಲ” ಎಂದರು, ನನಗೆ ನೋವಾಗಬಾರದೆಂಬಷ್ಟು ಮೆಲ್ಲಗೆ.

ಇವರ ಮನೆಯ ಅನ್ನ ಮುಟ್ಟದವನು ಎಂದು ತಿಳಿದಿದ್ದರು ನನ್ನನ್ನು. ಹುಡುಗಿಯ ಅಪ್ಪನ ಕಡೆಯಿಂದ ಬಂದವನೇ ಹೀಗೆ ಎಂಬ ಮಾತು ಒಳಗೂ ಹೋಗಿರುತ್ತದೆ. ಹುಡುಗಿಗೆ ಈ ಮನೆಯಲ್ಲಿ ಅದು ಮೊದಲ ದಿನ.

ಕೀಲಿ ತಿರುವಿ ಗಾಡಿ ಬಂದ್ ಮಾಡಿದೆ.

“ಬ್ಯಾಟರಿ ಸತ್ತೈತ್ರಿ ಅಜ್ಜಾರ. ಬಂದ್ ಮಾಡಿದ್ರ ಮತ್ತ ಚಾಲೂ ಆಗೂದಿಲ್ಲಂತ ಕುಂತಿದ್ದೆ. ಹೇಳಾಕ ನಾಚಿಕಿ ಆತು. ನನಗ ಹಸಿವಿ ಆಗೇತಿ, ನಡೀರಿ.”

ಅಜ್ಜ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಹೆಗಲ ಮೇಲಿನ ಟಾವೆಲ್ಲಿನಿಂದ ಹಣ್ಣುಗಳನ್ನು ಮುಚ್ಚಿದರು.

“ನಾನಽ ತಪ್ಪ ತಿಳಕೊಂಡೆರಿ” ಎಂದರು ನೆಲ ನೋಡುತ್ತ.

ಒಬ್ಬರ ಮುಖ ಒಬ್ಬರು ನೋಡದೆ ನಾವಿಬ್ಬರೂ ಪಂಗತಿಯ ಕಡೆ ನಡೆದೆವು.